ಅನಸೂಯತ್ತೆಯ ಗ್ಯಾಸ್ಟ್ರಿಕ್

ವಿಶಾಖಪಟ್ಟಣದ ಔಷಧ ಕಂಪನಿಯೊಂದರಲ್ಲಿ ಕ್ಯಾನ್ಸರ್ ಮದ್ದು ಪರೀಕ್ಷಿಸುವುದೇ ವಿನಾಯಕನ ಕೆಲಸ. ಆದರೆ ಮನೆಯವರ ಮುಂದೆ ಆ ರೋಗದ ಹೆಸರು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಬ್ಯಾಂಕಿನ ವರ್ಗಾವಣೆ ಮೇಲೆ ವಿಜಯವಾಡಕ್ಕೆ ಬಂದು, ಮದುವೆಯ ಗೊಡವೆಗೆ ಹೋಗದೆ ಅಲ್ಲಿನ ಪಟಮಟ ಬಡಾವಣೆಯಲ್ಲೇ ನೆಲೆನಿಂತ ಸೋದರತ್ತೆ ಅನಸೂಯಾಗೆ ಅದೇ ರೋಗ ಬಂದಾಗ, ತುಮಕೂರಿನ ನೆಂಟರಿಗೆಲ್ಲ 'ಗ್ಯಾಸ್ಟ್ರಿಕ್' ಅಂತ ಸಾರಿದ ಮಹಾನುಭಾವ ಇವನೇ. ಅಲ್ಲಿಂದಾಚೆ ಊರ ಕಡೆಯಿಂದ ಬಂದವರ ಕೈಯಲ್ಲೆಲ್ಲ ಓಮಿನಕಾಳು, ಜೀರಿಗೆ, ಇಂಗು. ಅತ್ತೆಯ ಅಡುಗೆಮನೆ ಗ್ರಂಧಿಗೆ ಅಂಗಡಿಯಾಯಿತು.

ಈಗ ಅತ್ತೆ, ಕೀಮೋ ಸಾಕು, ಸೋಮವಾರ ಆಸ್ಪತ್ರೆಗೆ ಹೋಗುವುದಿಲ್ಲ ಅಂತ ಹಟ ಹಿಡಿದಿದ್ದಳು. ಹೇಗಾದರೂ ಒಪ್ಪಿಸು ಅಂತ ಅಪ್ಪ ಇವನನ್ನು ಅಟ್ಟಿದ್ದ. ಮೊದಲು ಅವಳ ಮನಸ್ಸು ಹಗುರಾಗಲಿ ಅಂತ, ಆಫೀಸಿನ ಜಗನ್ಮೋಹನ್ 'ಫುಲ್ ಕಾಮಿಡಿ' ಅಂದಿದ್ದ ಸಿನಿಮಾಕ್ಕೆ ವಿನಾಯಕ ಅವಳನ್ನು ಕರೆದೊಯ್ದ. ಶುರುವಾಗಿ ಸ್ವಲ್ಪ ಹೊತ್ತಿಗೆ ನಾಯಕನಿಗೆ ಕ್ಯಾನ್ಸರ್ ಬಂತು.

ಪಾಪ್‌ಕಾರ್ನ್ ಪೊಟ್ಟಣ ಮಡಚಿ ವಿನಾಯಕ ಅರ್ಧ ಎದ್ದ. "ಅತ್ತೆ, ಎ.ಸಿ. ಜಾಸ್ತಿ ಆಯ್ತು. ಹೋಗೋಣ್ವಾ?"

"ಕೂತ್ಕೊಳೋ ಸುಮ್ನೆ. ಅವನ ಗತಿ ಏನಾಗುತ್ತೆ ನೋಡೋಣ."

ನಾಯಕನ ವಿಗ್ಗು ಫ್ಯಾನಿನ ಗಾಳಿಗೆ ಹಾರಿ ಮಾವನ ಪಪ್ಪುಚಾರು ಎಂಬ ಬೇಳೆಸಾರಿನ ಬಟ್ಟಲಿಗೆ ಬಿತ್ತು. ಅತ್ತೆ ನಕ್ಕ ರಭಸಕ್ಕೆ ತಲೆಯ ಸ್ಕಾರ್ಫೇ ಜಾರಿತು. ಬೋಳು ತಲೆ ಕಂಡ ಹಿಂದಿನ ಸಾಲಿನವರು ನಗು ನುಂಗಿಕೊಂಡರು. ಅತ್ತೆ ತಿರುಗಿ, "ನವ್ವಂಡಮ್ಮಾ, ಪರವಾಲೇದು" ಅಂತ ತೆಲುಗಿನಲ್ಲೇ ನಗಲು ಅಪ್ಪಣೆ ಕೊಟ್ಟಳು.

ಮುಂದೊಂದು ದೃಶ್ಯ. ನಾಯಕ ಬಚ್ಚಲಲ್ಲಿ ಕುಸಿದು ಕೂತು, ಭಯ ಆಗ್ತಿದೆ ಅಂದ. ಹೆಂಡತಿ ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕೂತು ಬಕೆಟ್ ಹಿಡಿದಳು. ಅತ್ತೆ ಆ ಮೇಲೆ ಬಹಳ ಹೊತ್ತು ನಗಲಿಲ್ಲ.

ಹೊರಗೆ ಬಂದ ಮೇಲೆ ಅಂದಳು: "ಎಷ್ಟು ಸುಳ್ಳು ಕಣೋ. ಅಂಗಿಗೆ ಒಂದು ಹನಿ ಬೀಳದ ಹಾಗೆ ವಾಂತಿ ಮಾಡ್ತಾನೆ ಅವನು." ಮೆಟ್ಟಿಲಿಳಿಯುತ್ತಾ, "ಆ ಬಚ್ಚಲಿನದು ಮಾತ್ರ ನಿಜ."

ಅಪ್ಪ ಬಾಯಿಪಾಠ ಮಾಡಿಸಿದ್ದ ಧೈರ್ಯದ ಮಾತಿಗಾಗಿ ವಿನಾಯಕ ತಡಕಾಡಿದ. "ಅತ್ತೆ, ಕ್ಯಾನ್ಸರ್‌ಗೆ ಈಗೆಲ್ಲಾ..." ಅಂದವನು ತಾನೇ ಬೆಚ್ಚಿದ.

"ಬಂತಪ್ಪಾ ಬಾಯಲ್ಲಿ. ಮುಂದೆ?"

ಮುಂದಿನದೆಲ್ಲ ಮರೆತೇಹೋಗಿತ್ತು. "ಭಯ ಆಗುತ್ತಾ ನಿಂಗೆ?"

"ಆಗುತ್ತೆ. ಸೂಜಿಗೆ ಅಲ್ಲ. ಆ ವಾರ್ಡಲ್ಲಿ ಒಬ್ಬಳೇ ಧೈರ್ಯಸ್ಥೆ ಥರ ಕೂತಿರಬೇಕಲ್ಲ, ಅದಕ್ಕೆ. ನಿಮ್ಮಪ್ಪ ಬಂದ್ರೆ ಹೊರಗೆ ಕೂತು ಪೇಪರ್ ಓದ್ತಾನೆ."

"ನಾನು ಒಳಗೆ ಕೂರ್ತೀನಿ."

"ರಜೆ?"

ಇಷ್ಟು ದಿನ ರಜೆಗೆಲ್ಲ 'ಮನೇಲಿ ಫಂಕ್ಷನ್' ಅನ್ನುತ್ತಿದ್ದವನು ಅಲ್ಲೇ ಮ್ಯಾನೇಜರಿಗೆ ಫೋನ್ ಹಚ್ಚಿ, ಅತ್ತೆಗೆ ಕ್ಯಾನ್ಸರ್, ಸೋಮವಾರ ಕೀಮೋಗೆ ಕರ್ಕೊಂಡು ಹೋಗಬೇಕು ಅಂದ. ಅತ್ತೆ ಸ್ಕಾರ್ಫು ಸರಿಮಾಡಿಕೊಳ್ಳುತ್ತಾ ಕೇಳಿಸಿಕೊಂಡಳು.

"ಹಾಗಾದ್ರೆ ಹೊಟ್ಟೆ ತುಂಬ ತಿಂಡಿ ತಿಂದ್ಕೊಂಡು ಬಾ. ಅಲ್ಲಿ ನೀನು ತಲೆತಿರುಗಿ ಬಿದ್ರೆ, ನರ್ಸಮ್ಮ ಯಾರನ್ನ ಅಂತ ನೋಡ್ಕೋತಾಳೆ" ಅನ್ನುತ್ತಾ ಆಟೋಗೆ ಕೈ ಅಡ್ಡ ಹಿಡಿದಳು.