ಡಿಕ್ಕಿಯಲ್ಲಿ ಎರಡು ಮರಳು ಮೂಟೆ

ಮಳೆಗಾಲ ಕಾಲಿಡುವ ಮೊದಲು ಡಿಕ್ಕಿಗೆ ಎರಡು ಮೂಟೆ ಮರಳು ಹಾಕದೆ ಸ್ಟೇರಿಂಗ್ ಮಾವ ಯಾವ ವರ್ಷವೂ ಟ್ಯಾಕ್ಸಿ ತೆಗೆದವನಲ್ಲ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಬೀದಿಯವರು ಅದನ್ನು ಎಂದೋ ಮರೆತಿದ್ದರು. ತರಕಾರಿಗೆ ನಡೆದು ಹೊರಟಾಗಲೂ ತಿರುವಿನಲ್ಲಿ ಎರಡೂ ಕೈ ಎದೆಯ ಮುಂದೆ ತಂದು ತಿರುಗಿಸುವ ಮನುಷ್ಯನಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ. ಅವನ ಹಳೆಯ ಟ್ಯಾಕ್ಸಿ ಹಿಂದಿನ ಚಕ್ರದ ಬಲದಿಂದ ಓಡುವ ಗಾಡಿ. ಹಿಂದೆ ಭಾರ ಬಿದ್ದಷ್ಟೂ ಚಕ್ರ ನೆಲ ಕಚ್ಚುತ್ತಿತ್ತು. ಉಳಿದವರ ಟ್ಯಾಕ್ಸಿಗಳು ಕೆಸರಿನಲ್ಲಿ ಹೂತು ಗುರುಗುಡುವಾಗ ಮಾವ ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ಸಾಗುತ್ತಿದ್ದ. ಜೀವಮಾನದಲ್ಲಿ ಒಮ್ಮೆಯೂ ಏರಿನಲ್ಲಿ ನಿಂತವನಲ್ಲ. ಅದನ್ನು ದಿನಕ್ಕೊಮ್ಮೆ ಹೇಳದೆ ಬಿಟ್ಟವನೂ ಅಲ್ಲ.

ಕಣ್ಣು ಮಂಜಾದ ಮೇಲೆ ಟ್ಯಾಕ್ಸಿ ಮಾರಿ ಮಗಳ ಮನೆ ಸೇರಿದ. ಅವಳಿಗೆ ಗಾಡಿ ಕಲಿಸಿದ್ದೂ ಅವನೇ, ಅದೇ ಹಳೆಯ ಟ್ಯಾಕ್ಸಿಯಲ್ಲಿ. "ಏರಲ್ಲಿ ಫಸ್ಟ್ ಗೇರು, ಕಾಲು ಪೂರ್ತಿ ಕೆಳಗೆ. ನೀನು ಹೆದರಿದ್ರೆ ಗಾಡೀನೂ ಹೆದರುತ್ತೆ" ಎನ್ನುವುದು ಅವನ ಪಾಠ. ಈಗ ಅವಳ ಬಳಿ ಮುಂದಿನ ಚಕ್ರದಿಂದ ಎಳೆಯುವ ಪುಟ್ಟ ಕಾರು ಇತ್ತು. ತನ್ನ ಮಗಳನ್ನೂ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಬೆಳಿಗ್ಗೆ ಶಾಲೆಗೆ ಬಿಡುತ್ತಿದ್ದಳು. ಶಾಲೆ ಇರುವುದು ಏರಿನ ತುದಿಯಲ್ಲಿ. ಕಾಲುವೆಯ ಪಕ್ಕದ ರಸ್ತೆ ಒಮ್ಮೆಲೇ ತಿರುಗಿ ಕಡಿದಾಗಿ ಮೇಲೇರುತ್ತದೆ. ಅಲ್ಲಿ ಹಿಂದಕ್ಕೆ ಜಾರಿದರೆ ಎದುರಾಗುವುದು ಮೊಣಕಾಲೆತ್ತರದ ಗೋಡೆ, ಅದರಾಚೆ ಕಾಲುವೆ. ಆ ವರ್ಷ ಪೈಪು ಹಾಕಲು ರಸ್ತೆ ಅಗೆದವರು ಜೇಡಿಮಣ್ಣನ್ನು ಹಾಗೇ ಎಳೆದು ಕೈ ತೊಳೆದುಕೊಂಡಿದ್ದರು.

ಮೋಡ ಕಟ್ಟಿದ್ದೇ ತಡ, ಮಾವ ತಾನೇ ಮರಳು ತುಂಬಿ ಎರಡು ಮೂಟೆ ಹೊಲಿದು ಮಗಳ ಡಿಕ್ಕಿಗೆ ಹಾಕಿದ. ಬೆನ್ನು ಹಿಡಿದುಕೊಂಡಿತು, ಆದರೂ ಮನಸ್ಸಿಗೆ ಹಾಯೆನಿಸಿತು. ಮೂರು ಮಕ್ಕಳ ಜೀವ ಹೊತ್ತು ಹೋಗುವ ಗಾಡಿ ಅದು.

ಮೊದಲ ಮಳೆಯ ದಿನ ಮಗಳು ಬಿಳಿಚಿಕೊಂಡು ಮನೆಗೆ ಬಂದಳು. ಏರಿನ ಮಧ್ಯದಲ್ಲಿ ಚಕ್ರ ಗಿರ್ರನೆ ಸುತ್ತಿ, ಗಾಡಿ ಒಂದಿಷ್ಟು ಹಿಂದೆ ಜಾರಿ, ಮತ್ತೆ ಹೇಗೋ ಹಿಡಿದುಕೊಂಡು ಮೇಲೆ ಹೋಗಿತ್ತು. "ಅಪ್ಪಾ, ನಿಮ್ಮ ಮೂಟೆ ಇಲ್ದಿದ್ರೆ ಇವತ್ತು ನಮ್ಮ ಕತೆ ಮುಗೀತಿತ್ತು" ಎಂದಳು. ಪಕ್ಕದ ಮನೆಯವಳ ಹತ್ತಿರವೂ ಅದನ್ನೇ ಹೇಳಿದಳು. ಮಾವ ಆ ಸಂಜೆ ಮೀಸೆ ತಿರುವುತ್ತಾ ಗ್ಯಾರೇಜಿಗೆ ಹೋದ.

ಗ್ಯಾರೇಜಿನವನನ್ನು ಕಂಡರೆ ಮಾವನಿಗೆ ಮೊದಲಿನಿಂದಲೂ ಸಸಾರ. ನೆಟ್ಟಗೆ ನಟ್ಟು ಬಿಗಿಯಲೂ ಬಾರದವನು ಎಂದು ಮಗಳ ಮುಂದೆ ಎಷ್ಟು ಸಲ ಆಡಿಕೊಂಡಿದ್ದನೋ. ಮೂಟೆಯ ಸುದ್ದಿ ಕೇಳಿ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಬೇಜಾರು ಮಾಡ್ಕೋಬೇಡಿ ಮಾವ. ಆ ಗಾಡೀಲಿ ಇಂಜಿನ್ನು, ಗೇರ್‌ಬಾಕ್ಸು ಎಲ್ಲಾ ಮುಂದೇನೇ. ಎಳೆಯೋದೂ ಮುಂದಿನ ಚಕ್ರ, ತಿರುಗೋದೂ ಅದೇ. ಏರಲ್ಲಿ ಮೊದಲೇ ಭಾರ ಹಿಂದಕ್ಕೆ ವಾಲಿರುತ್ತೆ. ಮೇಲಿಂದ ನೀವು ಡಿಕ್ಕಿ ತುಂಬಿದ್ರೆ ಮೂತಿ ಮೇಲೇಳುತ್ತೆ, ಚಕ್ರಕ್ಕೆ ನೆಲಾನೇ ಸಿಗಲ್ಲ."

"ಹೇಳಿಬಿಟ್ಟ ದೊಡ್ಡ ಮನುಷ್ಯ. ಫಸ್ಟ್ ಗೇರಲ್ಲಿ ಪೂರ್ತಿ ಒತ್ತಿದ್ರೆ ಯಾವ ಗಾಡಿ ಹತ್ತಲ್ಲ?"

"ಒತ್ತಲೇಬಾರದು. ಫಸ್ಟ್ ಗೇರಲ್ಲಿ ಚಕ್ರಕ್ಕೆ ಬಲ ಜಾಸ್ತಿ ಬರುತ್ತೆ. ಜಾರೋ ನೆಲ ಅಷ್ಟು ಬಲ ತಡ್ಕೊಳ್ಳಲ್ಲ, ಚಕ್ರ ಸುಮ್ನೆ ಸುತ್ತುತ್ತೆ. ನಿಮ್ಮ ಮಗಳು ಇವತ್ತು ಹತ್ತಿದ್ದು ಮೂಟೆಯಿಂದ ಅಲ್ಲ ಮಾವ. ಅದೃಷ್ಟದಿಂದ."

"ಮೊದಲು ನಟ್ಟು ಬಿಗಿಯೋದು ಕಲಿ" ಎಂದು ಮಾವ ಎದ್ದು ಬಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಆದರೆ ಮನೆಗೆ ಬಂದವನು ಒಳಗೆ ಹೋಗಲಿಲ್ಲ. ಮನೆ ಮುಂದೆ ನಿಂತಿದ್ದ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದ. ಹಿಂದೆ ಎರಡು ಬೆರಳು ಕಷ್ಟಪಟ್ಟು ಹೋದವು. ಮುಂದೆ ಅಂಗೈಯೇ ಹೋಯಿತು. ಗಾಡಿಯ ಸಹವಾಸದಲ್ಲೇ ಮುದುಕನಾದವನಿಗೆ ಇನ್ನು ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ.

ಆಗಲೇ ಒಳಗೆ ಹೋಗಿ "ನನ್ನದು ತಪ್ಪಾಯ್ತು" ಎಂದಿದ್ದರೆ ಮುಗಿಯುತ್ತಿತ್ತು. ಎರಡೇ ಪದ. ಅಷ್ಟಕ್ಕೆ ಅವನ ನಾಲಿಗೆ ಹೊರಳಲಿಲ್ಲ. ಯಾರಿಗೂ ಹೇಳದೆ ಮೂಟೆಗಳನ್ನು ಎಳೆದು ಹಿತ್ತಿಲಿಗೆ ಹಾಕಿದ. ಬೆಳಿಗ್ಗೆ ಮಗಳು ಡಿಕ್ಕಿ ತೆರೆದವಳು ಅಲ್ಲಿಂದಲೇ ಕೂಗಿದಳು.

"ಮೂಟೆ ಯಾರು ತೆಗೆದಿದ್ದು?"

"ನಾನೇ. ಯಾಕೋ ಬೇಡ ಅನ್ನಿಸ್ತು ಪುಟ್ಟಿ."

"ಯಾಕೋ ಅಂದ್ರೆ?"

"ಆ ಗ್ಯಾರೇಜಿನವನು ಏನೋ ಹೇಳ್ತಿದ್ದ. ಮುಂದೆ ಹಗುರ ಆಗುತ್ತಂತೆ."

ಮಗಳು ನಕ್ಕೇಬಿಟ್ಟಳು. "ನಟ್ಟು ಬಿಗಿಯೋಕೆ ಬರದೋನ ಮಾತು ಕೇಳ್ಕೊಂಡು ಬಂದ್ರಾ? ಜೀವನಪೂರ್ತಿ ಏರಲ್ಲಿ ನಿಲ್ಲದೋರು ನೀವು. ಅರವತ್ತರ ಅರಳು ಮರಳು ಅಂದ್ರೆ ಇದೇ ನೋಡಿ." ಆಮೇಲೆ ಅವಳ ಮುಖ ಗಟ್ಟಿಯಾಯಿತು. "ಹಿಂದೆ ಪಕ್ಕದ ಮನೆ ಮಕ್ಕಳೂ ಇರ್ತಾರೆ ಅಪ್ಪಾ. ಇದ್ರಲ್ಲಿ ಹುಡುಗಾಟ ಬೇಡ." ಹಿತ್ತಿಲಿನಿಂದ ಮೂಟೆಗಳನ್ನು ತಾನೇ ಹೊತ್ತು ತಂದು ಡಿಕ್ಕಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಕೈಚೀಲಕ್ಕೆ ಸೇರಿಸಿದಳು.

ಮಾವ ಅಲ್ಲೇ ನಿಂತಿದ್ದ. ಅವಳು ಬೇರೆ ಯಾರ ಮಾತಿಗೂ ಸೊಪ್ಪು ಹಾಕದಂತೆ ಬೆಳೆಸಿದ್ದು ಅವನೇ. ಈಗ ಅವನದೇ ಮಾತು ಅವಳಿಗೆ ತಾಕುತ್ತಿರಲಿಲ್ಲ. ಪುಣ್ಯಕ್ಕೆ ಬಿಸಿಲು ಬಿದ್ದು ರಸ್ತೆ ಒಣಗಿತು. ಪ್ರತಿ ಬೆಳಿಗ್ಗೆ ಗಾಡಿ ಹೊರಟ ಮೇಲೆ ಅವಳ ಫೋನು ಬರುವವರೆಗೆ ಅವನು ಬಾಗಿಲಲ್ಲೇ ಕೂತಿರುತ್ತಿದ್ದ, ಕಾಫಿ ಆರಿಹೋಗುತ್ತಿತ್ತು. ನಾಳೆ ಹೇಳುತ್ತೇನೆ, ನೆಟ್ಟಗೆ ಕೂರಿಸಿ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಹೇಡಿ ಮುದುಕ, ಒಂದು ದಿನವೂ ಹೇಳಲಿಲ್ಲ.

ಮಳೆ ಹಿಂತಿರುಗಿದ ದಿನ ಬೆಳಗ್ಗೆಯೇ ಕತ್ತಲು ಕವಿದಿತ್ತು. ಮಕ್ಕಳು ಹಿಂದೆ ಕೂತು ಗಾಜಿನ ಮೇಲೆ ಬೆರಳಾಡಿಸುತ್ತಿದ್ದರು. ಮಗಳು ಗಾಡಿ ಶುರು ಮಾಡುವಷ್ಟರಲ್ಲಿ ಮಾವ ಟ್ಯಾಕ್ಸಿ ಮಾರುವಾಗ ಉಳಿಸಿಕೊಂಡಿದ್ದ ಹಳೆಯ ಬ್ಯಾಟರಿಯನ್ನು ಅಪ್ಪಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ. ತೊಡೆಯ ಮೇಲೆ ಅದು ಕಲ್ಲಿನಷ್ಟು ಭಾರವಾಗಿತ್ತು.

"ಏನಪ್ಪಾ ಇದು?"

"ರಿಪೇರಿಗೆ ಕೊಡ್ಬೇಕು. ನಡಿ."

ಮುಂದಿನ ಚಕ್ರಕ್ಕೆ ಭಾರ ಬೀಳಲೆಂದು ಬಂದಿದ್ದ, ಆದರೆ ಅವನು ಮೂಳೆ ಚಕ್ಕಳದ ಮನುಷ್ಯ. ಬ್ಯಾಟರಿ ಸೇರಿಸಿದರೂ ಹಿಂದಿನ ಮೂಟೆಗಳಿಗೆ ಸಾಟಿಯಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕಾಲುವೆ ತುಂಬಿ ಗೋಡೆಯ ಅಂಚಿನವರೆಗೆ ಕೆಂಪು ನೀರು ಹರಿಯುತ್ತಿತ್ತು. ತಿರುವು ದಾಟಿ ಏರು ಶುರುವಾದಾಗ ಮಗಳು ಫಸ್ಟ್ ಗೇರಿಗೆ ಹಾಕಿ ಕಾಲು ಪೂರ್ತಿ ಒತ್ತಿದಳು. ಅರ್ಧದವರೆಗೆ ಹೋದರು. ಆಮೇಲೆ ಇಂಜಿನ್ ಕಿರುಚಿತು, ಮುಂದಿನ ಚಕ್ರಗಳು ಕೆಸರು ಎರಚುತ್ತಾ ನಿಂತಲ್ಲೇ ಸುತ್ತಿದವು.

"ಕಾಲು ತೆಗಿ ಪುಟ್ಟಿ. ನಿಧಾನ. ಸೆಕೆಂಡ್ ಗೇರು."

"ನೀವೇ ಅಲ್ವಾ ಪೂರ್ತಿ ಒತ್ತು ಅಂತ ಹೇಳ್ಕೊಟ್ಟಿದ್ದು?" ಅವಳು ಇನ್ನೂ ಬಲವಾಗಿ ಒತ್ತಿದಳು. ಗಾಡಿ ಹಿಂದಕ್ಕೆ ಸರಿಯತೊಡಗಿತು. ಆಗ ಬ್ರೇಕು ತುಳಿದಳು. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದಳು, ಮೂತಿ ಅತ್ತಿತ್ತ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡರು.

"ನಾನು ಹೇಳ್ಕೊಟ್ಟಿದ್ದು ತಪ್ಪು ಪುಟ್ಟಿ" ಎಂದ ಮಾವ. ಇಷ್ಟು ದಿನ ನಾಳೆಗೆ ಮುಂದೂಡಿದ್ದ ಮಾತು ಈಗ ಸಲೀಸಾಗಿ ಬಂತು. "ಮೂಟೆ ಹಾಕಿದ್ದೂ ತಪ್ಪು. ಈ ಗಾಡಿ ನನಗೆ ಗೊತ್ತೇ ಇಲ್ಲ."

ಅವಳು ಅವನತ್ತ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಮೊದಲ ಸಲ ಸ್ಟೇರಿಂಗ್ ಹಿಡಿದ ದಿನ ಹೇಗೆ ನೋಡಿದ್ದಳೋ ಹಾಗೇ ನೋಡಿದಳು.

"ಸರಿ ಅಪ್ಪಾ. ಈಗ ಏನ್ ಮಾಡ್ಲಿ, ಹೇಳಿ."

ಗಾಡಿ ಜಾರುತ್ತಲೇ ಇತ್ತು. ಮಾವ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.