ಡೆಕ್ ಕೆಳಗಿನ ದುಂಬಿಗಳು

ಬಾಗಿಲು ತೆರೆದರೆ ಪಕ್ಕದ ಮನೆಯ ಹುಬ್ಬಳ್ಳಿ ಅಂಕಲ್ ಸ್ಪ್ರೇ ಡಬ್ಬಿ ಹಿಡಿದು ನಗುತ್ತ ನಿಂತಿದ್ದರು. "ನಿಮ್ಮ ಡೆಕ್ ಪ್ರಾಬ್ಲಂ ಸಾಲ್ವ್ ಆತ್ ನೋಡವಾ. ಒಂದೂ ಉಳದಿಲ್ಲ!"

ಹಿತ್ತಲಿಗೆ ಓಡಿದೆ. ಮನೆಯ ಹಿಂದಿನ ಮರದ ಜಗಲಿ, ಆ ಡೆಕ್‌ನ ಮೆಟ್ಟಿಲ ಕೆಳಗೆ, ಗೂಡಿನ ಬಾಯಿಯ ಸುತ್ತ ದುಂಬಿಗಳು ಚೆಲ್ಲಾಡಿದ್ದವು. ಕೆಲವು ಇನ್ನೂ ಮಗುಚಿಕೊಂಡು ಒದ್ದಾಡುತ್ತಿದ್ದವು. ಒಂದರ ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡೇ ಇತ್ತು.

ಗೂಡು ತೆಗೆಸಲೆಂದು ಹಿಂದಿನ ವಾರ ನಾನೇ ಪೆಸ್ಟ್ ಕಂಟ್ರೋಲ್‌ನವನನ್ನು ಕರೆಸಿದ್ದೆ. ಅವನು ಬಗ್ಗಿ ನೋಡಿ, ಕಾನೂನಿನ ರಕ್ಷಣೆ ಇರುವ ಜಾತಿ ಇದಲ್ಲ, ಕೊಂದರೆ ಯಾರೂ ಕೇಳುವುದಿಲ್ಲ ಎಂದ. ಆದರೂ ಔಷಧಿ ಹೊಡೆಯಲು ಅವನಿಗೆ ಮನಸ್ಸಾಗಲಿಲ್ಲ. ಚಳಿ ಶುರುವಾದರೆ ಗೂಡು ತಾನಾಗಿಯೇ ಖಾಲಿಯಾಗುತ್ತದೆ, ಅಲ್ಲಿಯವರೆಗೆ ಬಿಟ್ಟುಬಿಡಿ ಎಂದ. ನಾವೂ ಒಪ್ಪಿ, ಆ ಮೆಟ್ಟಿಲು ಬಿಟ್ಟು ಗರಾಜಿನಿಂದಲೇ ಓಡಾಡತೊಡಗಿದ್ದೆವು. ದುಂಬಿಗಳ ಕಾಟವೆಂದು ಅಂಕಲ್ ಹತ್ತಿರ ಗೊಣಗಿದ್ದು ನಾನು. ಮನಸ್ಸು ಬದಲಾಯಿಸಿದ್ದನ್ನು ಮಾತ್ರ ಹೇಳಿರಲಿಲ್ಲ.

ಹಿಂದೆಯೇ ಬಂದ ಅಂಕಲ್ ನನ್ನ ಮುಖ ನೋಡುತ್ತ ನಿಂತರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಥ್ಯಾಂಕ್ಸ್ ಅಂಕಲ್."

ಪರದೇಶದ ನಮ್ಮ ಈ ಊರು ಮಾನ್ಮತ್ ಜಂಕ್ಷನ್‌ನಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಯಾರ ಮನೆಗೆ ಹೋದರೂ ಅಂಕಲ್ ಈ ಸಾಹಸ ವರ್ಣಿಸುತ್ತಾರೆ. ಎಲ್ಲರೂ ಮೆಚ್ಚುತ್ತಾರೆ. ನಾನೂ ತಟ್ಟೆ ಹಿಡಿದು ನಗುತ್ತೇನೆ, ಆಮೇಲೆ ಊಟ ಸೇರುವುದಿಲ್ಲ.