ಎದುರಿಗೆ ಬಂದು ಹೇಳಿ

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಬೈಂಡಿಂಗ್ ಅಕ್ಕ ಎಂದು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ಜೋಡಿಸಿ, ದಾರದಲ್ಲಿ ಹೊಲಿದು, ಅಂಟು ಹಚ್ಚಿ, ರಟ್ಟು ಹಾಕುವುದು ಇಪ್ಪತ್ತೆಂಟು ವರ್ಷಗಳಿಂದ ಅವಳ ಕೆಲಸ. ಅಷ್ಟೂ ವರ್ಷ ಪಕ್ಕದಲ್ಲೇ ಅಚ್ಚಿನ ಯಂತ್ರ ಧಡಧಡ ಬಡಿದುಕೊಂಡಿದೆ. ಅದು ಅವಳ ಕಿವಿಯನ್ನು ಒಂದೇ ದಿನಕ್ಕೆ ಕಸಿಯಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಗಡಿಯಾರ. ಆಮೇಲೆ ಮಾತಿನ ಅಂಚುಗಳೆಲ್ಲ ಸವೆದು, ಜನ ನೀರಿನಾಚೆ ನಿಂತು ಬಾಯಿ ಆಡಿಸಿದಂತೆ ಕಾಣತೊಡಗಿದರು. ಆ ನೀರಿನಲ್ಲಿ ಅವಳು ಮೀನಿನ ಹಾಗೆ ಓಡಾಡಿಕೊಂಡಿದ್ದಳು. ಸುಳ್ಳು ಯಾಕೆ, ಸುಖವಾಗಿಯೇ ಇದ್ದಳು.

ಮನೆಯಲ್ಲಿ ಯಾರು ಕರೆದರೂ ಅವಳಿಗೆ ಕೇಳುತ್ತಿರಲಿಲ್ಲ. ನಿವೃತ್ತಿಯಾಗಿ ಮನೆಯಲ್ಲೇ ಇದ್ದ ಗಂಡ ಮೂರು ಸಲ "ನೀರು" ಎಂದು ಕೂಗಿ, ಸಾಕಾಗಿ, ತಾನೇ ಎದ್ದು ಕುಡಿಯುತ್ತಿದ್ದ. ಕೆಲಸಕ್ಕೆ ಹೊರಟ ಮಗಳು ಟವೆಲನ್ನು ತಾನೇ ಹುಡುಕಿಕೊಳ್ಳುತ್ತಿದ್ದಳು. ಅತ್ತೆ ಮಾತ್ರ ಮಂಚದ ಮೇಲೆ ಕೂತು ಗೊಣಗುತ್ತಿದ್ದಳು: "ಮದುವೆಯಾದ ಹೊಸತರಲ್ಲಿ ಹೇಳಿದ ಮಾತು ಕೇಳ್ತಿದ್ಲು. ಈಗ ಕೇಳಲ್ಲ." ಆ ದೂರು ಕಿವಿಯ ಮೇಲೋ ಸೊಸೆಯ ಮೇಲೋ ಎಂಬುದು ಯಾರಿಗೂ ಸ್ಪಷ್ಟವಾಗಿರಲಿಲ್ಲ.

ಒಂದು ದಿನ ಪ್ರೆಸ್ಸಿನ ಯಜಮಾನ ಬಾಗಿಲಲ್ಲಿ ನಿಂತು, ವಕೀಲರ ಅರವತ್ತು ಪುಸ್ತಕಗಳಿಗೆ ಕಪ್ಪು ರಟ್ಟು ಹಾಕಲು ಹೇಳಿ ಹೋದ. ಅವಳಿಗೆ ಅದು ಕೆಂಪು ಎಂದು ಕೇಳಿತ್ತು. ಸಂಜೆ ಅವನು ಬಂದು ನೋಡಿದರೆ ಅರವತ್ತೂ ಕೆಂಪಗೆ ಸಾಲಾಗಿ ಕೂತು ಅಂಟು ಒಣಗಿಸಿಕೊಳ್ಳುತ್ತಿದ್ದವು.

"ಏನಕ್ಕ ಇದು, ವಕೀಲರ ಪುಸ್ತಕಾನೋ ಲಿಪ್‌ಸ್ಟಿಕ್ಕೋ?" ಎಂದು ಅವನು ನಕ್ಕ. ಆಮೇಲೆ ನಗದೆ, ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದ: "ಮೊದಲು ಕಿವಿ ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೂ ಬರೀ ಮಡಿಸೋ ಕೆಲಸ ಮಾಡಿ. ಎರಡು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಹೊಲಿಗೆ, ರಟ್ಟು ಬೇರೆಯವರಿಗೆ."

ಮಡಿಸುವುದು ಯಾರಾದರೂ ಮಾಡುವ ಕೆಲಸ. ಬಿಡಿ ಹಾಳೆಗಳು ಪುಸ್ತಕವಾಗುವುದು ಹೊಲಿಗೆಯಲ್ಲಿ. ಇಪ್ಪತ್ತೆಂಟು ವರ್ಷ ಅವಳನ್ನು ಅಲ್ಲಿ ಹಿಡಿದಿಟ್ಟದ್ದು ಆ ಹೊಲಿಗೆಯೇ.

ಕಿವಿ ಪರೀಕ್ಷೆ ಮಾಡುವ ಹುಡುಗಿ ಅವಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಸಣ್ಣ ಸಣ್ಣ ಸದ್ದು ಕಳಿಸಿ, ಕೊನೆಗೆ ಎರಡೂ ಕಿವಿಯ ಹಿಂದೆ ಹುಣಸೆ ಬೀಜದಂಥ ಪುಟ್ಟ ಶ್ರವಣಯಂತ್ರ ಕೂರಿಸಿದಳು. "ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಹಾಕ್ಕೊಂಡಿರಿ ಅಮ್ಮ. ಮಿದುಳು ಶಬ್ದಗಳನ್ನ ಮರೆತುಬಿಟ್ಟಿದೆ. ದಿನಪೂರ್ತಿ ಕೇಳಿಸ್ಕೊಂಡ್ರೇನೇ ಮತ್ತೆ ಕಲಿಯೋದು."

ಹೊರಗೆ ಬಂದರೆ ಬೀದಿಯೇ ಕನಸಿನಂತಿತ್ತು. ಅವಳ ಬಟ್ಟೆ ಸರಸರ ಅಂದಿತು. ಯಾರದೋ ಕೈಚೀಲದಲ್ಲಿ ಕೀಲಿಗಳು ಮಾತಾಡಿದವು. ಮರುದಿನ ಪ್ರೆಸ್ಸಿನಲ್ಲಿ, ಅಚ್ಚಿನ ಯಂತ್ರ ಶುರುವಾಗುವ ಮುನ್ನ, ಮೊದಲ ಹಾಳೆ ಮಡಿಸಿದಾಗ ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಬಂದಂತಾಗಿ ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಇನ್ನೊಂದು ಹಾಳೆ ಮಡಿಸಿದಳು. ಮತ್ತೆ ಅದೇ ನಡಿಗೆ. ಇಷ್ಟು ವರ್ಷ ತನ್ನ ಕೈ ಇಷ್ಟು ಚೆಂದದ ಸದ್ದು ಮಾಡುತ್ತಿತ್ತೇ?

ಭಾನುವಾರ ಮನೆಯಲ್ಲಿ ಬೇರೆಯೇ ಕಥೆ. "ಇವಳೇ, ಪೇಪರ್ ಎಲ್ಲಿ?" "ಅಮ್ಮಾ, ಇಸ್ತ್ರಿ ಮಾಡಿದ್ಯಾ?" "ಬಾರೇ ಇಲ್ಲಿ, ದಿಂಬು ಸರಿಮಾಡು." "ಇವಳೇ, ಕನ್ನಡಕ!" ಕನ್ನಡಕ ಗಂಡನ ಹಣೆಯ ಮೇಲೇ ಇತ್ತು. ಪ್ರತಿ ಕೂಗಿಗೂ ಅವಳ ಕಾಲು ತಾನಾಗಿ ಎದ್ದು ನಡೆಯಿತು. ಕಿವಿ ಮರೆತಿದ್ದನ್ನು ಕಾಲು ಮರೆತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಚ್ಚಿಟ್ಟ ತರಕಾರಿ ಬಾಡಿತ್ತು, ನೆನೆಸಿದ ಬಟ್ಟೆ ಹಾಗೇ ಇತ್ತು. ಅವಳು ಯಂತ್ರಗಳನ್ನು ಕಳಚಿ ಡಬ್ಬಿಯೊಳಗಿಟ್ಟಳು. ನೀರು ಮತ್ತೆ ತಲೆಯ ಮೇಲೆ ಮೆತ್ತಗೆ ಮುಚ್ಚಿಕೊಂಡಿತು.

ಅಂದಿನಿಂದ ಅವನ್ನು ಪ್ರೆಸ್ಸಿನಲ್ಲಷ್ಟೇ ಹಾಕಿದಳು. ಅದೂ ಅಚ್ಚಿನ ಯಂತ್ರದ ಗಲಾಟೆಯಲ್ಲಿ ತೆಗೆದಿಡಬೇಕು. ಹಾಕಿದಾಗಲೂ ಅಲ್ಲಿನವರ ಮಾತು ಮಾತಾಗಿ ಕೇಳದೆ ಪಾತ್ರೆ ಬಿದ್ದಂತೆ ಕೇಳುತ್ತಿತ್ತು. ಒಂದು ತಿಂಗಳು ಹೀಗೇ ಕಳೆಯಿತು. ಅವಳ ಮೇಜಿನ ಮೇಲೆ ಸೂಜಿ ದಾರ ಇನ್ನೂ ಬಂದಿರಲಿಲ್ಲ.

ಮತ್ತೆ ತೋರಿಸಲು ಹೋದಾಗ ಕಿವಿ ಪರೀಕ್ಷೆಯ ಹುಡುಗಿ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಹುಬ್ಬೇರಿಸಿದಳು. "ಅಮ್ಮ, ದಿನಕ್ಕೆ ಮೂರೇ ಗಂಟೆ ಹಾಕಿದ್ದೀರಿ."

"ನಿನಗೆ ಹೇಗೆ ಗೊತ್ತಾಯ್ತು?"

"ಇದು ಚಾಡಿ ಹೇಳುತ್ತೆ. ಯಾಕಮ್ಮ, ನೋಯುತ್ತಾ?"

"ನೋವಿಲ್ಲ. ಹಾಕ್ಕೊಂಡ್ರೆ ಎಲ್ಲರೂ ಕೇಳ್ತಾರೆ."

"ಅದು ಒಳ್ಳೇದಲ್ವಾ? ಎಲ್ಲರ ಮಾತೂ ಕೇಳುತ್ತೆ."

"ಅಯ್ಯೋ, ಅದಲ್ಲ ತಾಯಿ. ನೀರು ಕೇಳ್ತಾರೆ, ಟವೆಲ್ ಕೇಳ್ತಾರೆ, ಹಣೆ ಮೇಲಿರೋ ಕನ್ನಡಕ ಕೇಳ್ತಾರೆ."

ಹುಡುಗಿ ನಕ್ಕು ನಕ್ಕು ಕುರ್ಚಿಗೆ ಒರಗಿದಳು. ಆಮೇಲೆ ಮನೆಯವರಿಗೆಂದು ಎಲ್ಲರಿಗೂ ಕೊಡುವ ಒಂದು ಹಾಳೆ ಕೊಟ್ಟಳು. ಬೈಂಡಿಂಗ್ ಅಕ್ಕ ಅದನ್ನು ಓದಿದಳು. ಬೇರೆ ಕೋಣೆಯಿಂದ ಕೂಗಬಾರದು. ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ಮುಖ ಕಾಣುವಂತೆ ಹೇಳಬೇಕು. ಎರಡನೆಯ ಸಲ ಓದುವಾಗ ಅವಳ ತುಟಿಯಂಚು ಅಲ್ಲಾಡಿತು. ಮನೆಗೆ ಬಂದವಳೇ ಅದನ್ನು ರಟ್ಟಿಗೆ ಅಂಟಿಸಿ, ಸುಕ್ಕಿಲ್ಲದಂತೆ ಒತ್ತಿ, ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದಳು.

"ಇವಳೇ, ಟೀ!" ಮುಂದಿನ ಕೋಣೆಯಿಂದ ಗಂಡನ ದನಿ ಬಂತು.

ಈ ಸಲ ಅವಳು ಯಂತ್ರ ಕಳಚಿರಲಿಲ್ಲ. ದಿನದಿನದ ಆ ಕೂಗು ಒಂದಕ್ಷರವೂ ಬಿಡದಂತೆ ಕೇಳಿಸಿತು. ಕಾಲು ಏಳಹೊರಟಿತು. ಅವಳು ಅಡುಗೆಮನೆಯಲ್ಲಿ ಕೂತಲ್ಲೇ ಮಂಡಿಯ ಮೇಲೆ ಎರಡೂ ಕೈ ಊರಿದಳು.

"ಕೇಳಿಸ್ತಾ?"

"ಕೇಳಿಸ್ತು. ಎದುರಿಗೆ ಬಂದು ಹೇಳಿ."

"ಕೇಳಿಸಿದ ಮೇಲೆ ಬರೋದೇನು?"

"ಕೇಳಿಸಿದ್ದು ಕಿವಿಗೆ ಕಣ್ರೀ. ಮಿದುಳಿಗೆ ನಿಮ್ಮ ಮುಖ ಬೇಕಂತೆ. ಬಾಗಿಲ ಮೇಲಿದೆ, ಓದ್ಕೊಳ್ಳಿ."

ಅವನು ಬಂದ. ಕನ್ನಡಕ ಕೆಳಗಿಳಿಸಿ ಓದಿದ. ಬೆಳಕಿಗೆ ಸರಿದು, ಫೋಟೋಗೆ ನಿಂತವನ ಹಾಗೆ ನಿಂತು "ಟೀ" ಎಂದ.

"ಒಲೆ ನಿಮ್ಮ ಪಕ್ಕದಲ್ಲೇ ಇದೆ. ಬಂದಿದ್ದೀರಲ್ಲ, ನನಗೂ ಅರ್ಧ ಲೋಟ ಮಾಡಿ."

ಅತ್ತೆಗೆ ಮಂಡಿನೋವು, ಎದ್ದು ಬರಲಾರಳು. ಹಾಗಾಗಿ ದಿನಕ್ಕೆರಡು ಸಲ ಸೊಸೆಯೇ ಹೋಗಿ ಅವಳ ಎದುರು ಕೂರತೊಡಗಿದಳು. ದಿಂಬಿನ ವಿಷಯ ಎರಡೇ ನಿಮಿಷದ್ದು. ಉಳಿದಂತೆ ಮುದುಕಿಗೆ ಮಾತು ಬೇಕಿತ್ತು. "ನಿಮ್ಮ ಮಾವ ಕೂಗೋವಾಗ ನಾನೂ ಕಿವುಡಿ ಆಗ್ಬೇಕಿತ್ತು ಕಣೇ" ಎಂದು ಒಂದು ದಿನ ಪಿಸುಗುಟ್ಟಿದಳು. ಪಿಸುಮಾತು ಕೇಳಿಸಿ ಎಷ್ಟು ವರ್ಷವಾಗಿತ್ತೋ. ಇಬ್ಬರೂ ನಕ್ಕರು.

ಅಚ್ಚಿನ ಗಲಾಟೆಯ ಹೊತ್ತು ಬಿಟ್ಟರೆ, ಬೆಳಿಗ್ಗೆಯಿಂದ ಮಲಗುವವರೆಗೆ ಯಂತ್ರ ಕಿವಿಯಲ್ಲೇ ಉಳಿಯಿತು. ಮಾತಿಗೆ ಒಂದೊಂದಾಗಿ ಅಂಚು ಮರಳಿತು. ಎರಡು ತಿಂಗಳು ತುಂಬುವ ಮೊದಲೇ ಯಜಮಾನ ಸೂಜಿ, ದಾರ, ಹಾಳೆಯ ಕಟ್ಟುಗಳನ್ನು ತಂದು ಅವಳ ಮೇಜಿನ ಮೇಲಿಟ್ಟ. ದಾರ ಕಾಗದದೊಳಗೆ ಸುಯ್ಯೆಂದು ಹಾದುಹೋಗುವುದನ್ನು ಅವಳು ಮೊದಲ ಸಲ ಕೇಳಿದಳು.

ಮತ್ತೊಂದು ಭಾನುವಾರ ಅವಳು ಕಿಟಕಿಯ ಬಳಿ ಕೂತಿದ್ದಾಳೆ. ಕೈಯಲ್ಲಿ ಏನೂ ಇಲ್ಲ. ಹಿಂದುಗಡೆ ಡಬ್ಬಿಯ ಮುಚ್ಚಳಗಳು ಒಂದೊಂದಾಗಿ ತೆರೆದು ಮುಚ್ಚುತ್ತಿವೆ. ಗಂಡ ಸಕ್ಕರೆ ಹುಡುಕುತ್ತಿದ್ದಾನೆ. ಕೂಗಲು ಅವನು ಉಸಿರು ಎಳೆದುಕೊಂಡದ್ದೂ ಕೇಳುತ್ತದೆ. ಆ ಉಸಿರು ಹಾಗೇ ಇಳಿಯುತ್ತದೆ. ಆಮೇಲೆ ಹೆಜ್ಜೆಗಳು ಅಡುಗೆಮನೆ ದಾಟಿ, ನಡುಮನೆ ದಾಟಿ, ಅವಳ ಕಡೆಗೆ ಬರುತ್ತವೆ. ಅವಳು ಕಣ್ಣು ಮುಚ್ಚಿ, ತಿರುಗಿ ನೋಡದೆ, ಆ ಹೆಜ್ಜೆಗಳನ್ನು ಕೇಳುತ್ತಾ ಕೂತಿದ್ದಾಳೆ.